ಕಾರಿನ ನೆತ್ತಿಗೆ ಥರ್ಮಾಕೋಲ್

ಪಾಂಡವಪುರದ ಚಂದ್ರಶೇಖರಾಚಾರ್ರು ಅಕ್ಕಸಾಲಿಗರು. ಅಪ್ಪ, ತಾತ ಎಲ್ಲರೂ ಬೆಂಕಿಯ ಮುಂದೆ ಕೂತೇ ಮಂಡಿ ಸವೆಸಿದವರು. ಬೆಸುಗೆ ಯಾವಾಗ ಹಿಡಿಯುತ್ತದೆಂದು ಕೆಂಡದ ಬಣ್ಣ ನೋಡಿಯೇ ಆಚಾರ್ರು ಹೇಳಬಲ್ಲರು. ಆದರೆ ಬಿಸಿ ಮೇಲಕ್ಕೆ ಹೋಗುತ್ತದೋ ಕೆಳಕ್ಕೆ ಇಳಿಯುತ್ತದೋ ಎಂಬ ವಿಷಯದಲ್ಲಿ ಮಾತ್ರ ಅವರದೇ ಒಂದು ಸಿದ್ಧಾಂತವಿತ್ತು. ಅದು ಹುಟ್ಟಿದ್ದು ಕಾರು ಬಂದ ಮೇಲೆ.

ಮನೆ ಕಟ್ಟಿಸುವಾಗ ಕೆಳಗೆ ಕಾರಿನ ಶೆಡ್ಡು, ಅದರ ನೆತ್ತಿಗೇ ಅಡುಗೆಮನೆ ಬರುವಂತೆ ಪ್ಲಾನು ಹಾಕಿಸಿದ್ದರು. ಶೆಡ್ಡಿನ ಕಬ್ಬಿಣದ ಶಟರು ಪಡುವಣಕ್ಕೆ. ಹೊತ್ತು ಇಳಿದರೆ ಸಾಕು, ಶಟರು ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಆ ಕಾವೆಲ್ಲ ಚಾವಣಿ ಹಿಡಿದು ಅಡುಗೆಮನೆಯ ನೆಲಕ್ಕೆ ಏರುತ್ತಿತ್ತು. ಅಲ್ಲಿ ಬರಿಗಾಲಲ್ಲಿ ನಿಲ್ಲುವವರು ಹೆಂಡತಿ ಜಯಲಕ್ಷ್ಮಮ್ಮ. ದೇವರ ಗೂಡೂ ಅಲ್ಲೇ ಇದ್ದುದರಿಂದ ಒಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಅತ್ತೆಯ ಕಾಲದ ಕಟ್ಟಳೆ; ಅತ್ತೆ ಹೋದರೂ ಕಟ್ಟಳೆ ಹೋಗಿರಲಿಲ್ಲ. ಬೇಸಿಗೆಯ ಸಂಜೆ ಮುದ್ದೆ ತಿರುವುವಾಗ ಆಕೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಕುಣಿಯುತ್ತಿದ್ದರು.

“ಅಂಗಾಲು ಸುಟ್ಟೋಯ್ತವೆ ಕಣ್ರೀ, ಏನಾರ ಮಾಡ್ಸಿ.”

“ಬ್ಯಾಸ್ಗೆ ಅಂದ್ಮೇಲೆ ಇನ್ನೇನು, ಮಂಜು ಬೀಳ್ತದಾ?”

ಪ್ರತಿ ಬೇಸಿಗೆಗೂ ಇದೇ ಅಹವಾಲು, ಇದೇ ತೀರ್ಪು.

ಕಾರಿನ ಮಾತೇ ಬೇರೆ. ಆಚಾರ್ರು ಅಂಗಡಿಗೆ ಹೋಗುವುದು ಹಳೇ ಸ್ಕೂಟರಿನಲ್ಲಿ. ಕಾರು ಹೊರಬೀಳುವುದು ನಾಗಮಂಗಲದ ನೆಂಟರ ಮದುವೆಗೋ ಮೇಲುಕೋಟೆಗೋ ಮಾತ್ರ. ಹತ್ತುವವರು ಚಪ್ಪಲಿ ಕಳಚಿ ಕೈಲಿ ಹಿಡಿದು ಹತ್ತಬೇಕು. ಉಳಿದ ದಿನ ಅದು ಬಾಣಂತಿಯ ಹಾಗೆ ಮೈತುಂಬ ಹೊದ್ದು ಮಲಗಿರುತ್ತಿತ್ತು. ಒಂದು ದಿನ ಹೊದಿಕೆ ಸರಿಸಿ ನೋಡುತ್ತಾರೆ, ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಪುಟ್ಟ ಗಣಪ ಅಂಟು ಕರಗಿ ಬೋರಲು ಬಿದ್ದಿದ್ದಾನೆ! ಆಚಾರ್ರು ತಲೆಯೆತ್ತಿ ಚಾವಣಿ ನೋಡಿದರು. ಅದರ ಮೇಲೇನಿದೆ? ಹೆಂಡತಿಯ ಒಲೆ. ಕಳ್ಳ ಸಿಕ್ಕಿಬಿದ್ದಂತಾಯಿತು.

“ಮೂರೊತ್ತೂ ಒಲೆ ಉರಿಸ್ತೀಯ. ಬಿಸಿ ಇಳ್ದು ಕಾರ್‌ಗೆ ಒಡೀತಾ ಅದೆ,” ಎಂದು ಮೇಲೆ ಬಂದು ರೇಗಿದರು.

“ಆರಿಸ್ಬುಡ್ಲಾ? ನಾಳಿಂದ ಕಾರ್‌ನೇ ಮುದ್ದೆ ಕಟ್ಕೊಂಡು ಉಣ್ಣಿ,” ಎಂದರು ಜಯಲಕ್ಷ್ಮಮ್ಮ.

ಆ ವಾರವೇ ಕಿರಂಗೂರಿನ ರವೀಂದ್ರ ಬಂದ. ಚಾವಣಿಗೆ ಹಲಗೆ ಹೊಡೆಯುವುದು ಅವನ ಕಸುಬು. ಗಿರಾಕಿ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅದಕ್ಕಿಂತ ದೊಡ್ಡ ಕಸುಬು.

“ನೀವೇಳದು ಕರೆಕ್ಟು ಸಾರ್, ಒಲೆ ಬಿಸಿನೇ ಇದು,” ಎಂದು ಶೆಡ್ಡಿನ ಚಾವಣಿಯ ಉದ್ದಗಲಕ್ಕೂ ದಪ್ಪ ಥರ್ಮಾಕೋಲ್ ಅಂಟಿಸಿ, ಅದರ ಕೆಳಗೆ ಬಿಳಿ ಹಲಗೆ ಹೊಡೆದು, ನಡುವೆ ಒಂದು ನೀಲಿ ದೀಪವನ್ನೂ ಸಿಕ್ಕಿಸಿ ಹೋದ. ಆಚಾರ್ರು ಗಣಪನಿಗೆ ಹೊಸ ಅಂಟು ಹಾಕಿ ಕೂರಿಸಿದರು.

ಆ ಸಂಜೆ ಅಡುಗೆಮನೆಯಿಂದ ದೂರು ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಆಚಾರ್ರಿಗೆ ಅದು ಗೊತ್ತಾಗಲಿಲ್ಲ. ದೂರು ಬಂದಾಗಲೇ ಕೇಳಿಸದ ಕಿವಿಗೆ, ಬಾರದಿರುವುದು ಎಲ್ಲಿ ಕೇಳಿಸೀತು? ಅವರಿಗೆ ಗೊತ್ತಾದದ್ದು ಇಷ್ಟೇ: ಒಂದು ಮಧ್ಯಾಹ್ನ ಶಟರು ಎತ್ತಿದರೆ ಒಳಗಿನ ಧಗೆ ಮುಖಕ್ಕೆ ಬಡಿಯಿತು. ಗಣಪ ಮತ್ತೆ ಬೋರಲು. ಸ್ಟೀರಿಂಗಿನ ಕವರು ಕೈಗೆ ಅಂಟಿಕೊಂಡು ಬಂತು. ಮೇಲೆ ಹೋಗಲು ದಾರಿ ಸಿಗದೆ ಶಟರಿನ ಕಾವೆಲ್ಲ ಶೆಡ್ಡಿನೊಳಗೇ ಠಿಕಾಣಿ ಹೂಡಿ ಕಾರನ್ನು ಬೇಯಿಸುತ್ತಿತ್ತು.

ರವೀಂದ್ರನಿಗೆ ಫೋನು ಹೋಯಿತು. “ಕರೆಕ್ಟು ಸಾರ್, ಕಿತ್ತಾಕ್ಬುಡವ,” ಎಂದ.

ಆಚಾರ್ರು ಚಪ್ಪಲಿ ಬಿಟ್ಟು ಅಡುಗೆಮನೆಗೆ ನುಗ್ಗಿದರು. “ನಾಳೆ ಎಲ್ಲ ಕೀಳಿಸ್ತೀನಿ ಕಣಮ್ಮಿ. ಮೊದ್ಲು ಬಿಸಿ ಮೇಲಕ್ಕೋಗ್ಬುಡ್ತಿತ್ತು. ಈಗ ಕಾರ್ ಮೇಲೇ ಕೂತದೆ.”

ಜಯಲಕ್ಷ್ಮಮ್ಮ ಮುದ್ದೆ ಕೋಲು ಹಿಡಿದೇ ತಿರುಗಿದರು.

“ಮೇಲಕ್ಕೋಯ್ತಿತ್ತಾ? ಮೇಲೆ ಯಾರಿದ್ರು?”

ಆಚಾರ್ರ ಕಣ್ಣು ಆಕೆಯ ಬರಿಗಾಲಿನ ಮೇಲೆ ಬಿತ್ತು.

“ಕಾರ್‌ಗೆ ಚಕ್ರ ಅವೆ, ಮುಂದ್ಗಡೆ ಒಂಗೆ ಮರದಡಿ ನಿಲ್ಸಿ. ನಾನು ಈ ಒಲೆ ತಳ್ಕೊಂಡು ಯಾವ ಮರದಡಿಗೆ ಓಗ್ಲಿ?”

ಬರಿಗಾಲಲ್ಲಿ ನಿಂತ ಆಚಾರ್ರ ಅಂಗಾಲಿಗೆ ನೆಲ ತಣ್ಣಗೆ ತಾಗುತ್ತಿತ್ತು. ಅವರು ಕೆಳಗಿಳಿದು ರವೀಂದ್ರನಿಗೆ ಬರುವುದು ಬೇಡವೆಂದರು. ಅವನು ಅದಕ್ಕೂ ಕರೆಕ್ಟು ಎಂದ.

ಈಗ ಕಾರು ಹೊಂಗೆ ಮರದಡಿ ನಿಂತಿದೆ. ಆಚಾರ್ರು ಬೆಳಗೆದ್ದು ಕಾಗೆಯ ಹಿಕ್ಕೆ ಒರೆಸುತ್ತಾರೆ. ಮೊನ್ನೆ ಪಕ್ಕದ ಮನೆಯ ಮರಿಸ್ವಾಮಿ, ಅಷ್ಟು ಚೆಂದದ ಚಾವಣಿ ಹೊಡೆಸಿ ಕಾರನ್ನು ಯಾಕೆ ಬೀದಿಗೆ ಹಾಕಿದ್ದೀರಿ ಎಂದು ಕೇಳಿಯೇಬಿಟ್ಟ.

“ಕಾರ್‌ಗಲ್ಲ ಕಣಪ್ಪ ಅದು,” ಎಂದರು ಆಚಾರ್ರು, ಬಟ್ಟೆ ಹಿಂಡುತ್ತ. “ಪಾಪ, ನಮ್ಮನೇವ್ರ ಕಾಲು ಸುಡ್ತಿತ್ತು. ನೋಡಕ್ಕಾಗ್ದೆ ಮಾಡಿಸ್ದೆ.”

ಮೇಲಿನ ಕಿಟಕಿಯಲ್ಲಿದ್ದ ಜಯಲಕ್ಷ್ಮಮ್ಮ ಅದನ್ನು ಕೇಳಿಸಿಕೊಂಡರು. ತಣ್ಣನೆಯ ನೆಲದ ಮೇಲೆ ಎರಡೂ ಕಾಲು ಊರಿ ನಿಂತು, ಮುದ್ದೆಗೆ ಎಸರಿಟ್ಟರು.