ಒಳಗೆ ಹೇಳಿದ ಹೆಸರು

ಕಾನ್ವೆಂಟಿನ ಸಿಸ್ಟರ್ ನಮ್ಮ ಮನೆಗೆ ಬಂದು ಯಾವ ಗುಟ್ಟನ್ನೂ ಕಂಡುಹಿಡಿಯಲಿಲ್ಲ. ಬಾಗಿಲಲ್ಲಿ ನಿಂತು ತನ್ನ ತಾಯಿಯ ಹೆಸರು ಕೇಳಿದಳು, ನಮ್ಮ ಅಜ್ಜಿ ಹೇಳಲಿಲ್ಲ, ಅವಳು ಹೋದಳು. ನಡೆದದ್ದು ಇಷ್ಟೇ. ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಟ್ರಂಕಿನ ತಳದಲ್ಲಿ ಫೋಟೋ ಸಿಗಲಿಲ್ಲ, ಏಕೆಂದರೆ ಇದ್ದ ಒಂದು ಫೋಟೋವನ್ನು ಎಂದೋ ಬಚ್ಚಲೊಲೆಗೆ ಹಾಕಿದ್ದರು. ಈಗ ನನ್ನ ಮೊಮ್ಮಗಳು ಅನನ್ಯ ಇದನ್ನು ಕಪ್ಪು ಬಿಳುಪು ಸಿನಿಮಾ ಮಾಡಿದ್ದಾಳೆ. ನಡೆಯದ್ದನ್ನೆಲ್ಲ ಅದರಲ್ಲಿ ತುರುಕಿದ್ದಾಳೆ, ನಡೆದದ್ದನ್ನು ಬಿಟ್ಟಿದ್ದಾಳೆ. ನೋಡಿದವರು ಅತ್ತರು. ನನಗೆ ಮೈ ಉರಿಯಿತು, ಅದಕ್ಕೇ ಬರೆಯಲು ಕೂತೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿಕೊಂಡವಳು ನಾನು. ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯ ತಿದ್ದಬೇಡಿ.

ಸಿನಿಮಾ ನೋಡಲು, ಅಮೆರಿಕದಲ್ಲಿ ನಾವಿರುವ ಆಬರ್ನ್ ಹಿಲ್ಸ್‌ನಿಂದ ಅನನ್ಯ ಇರುವ ನೇಪರ್‌ವಿಲ್‌ಗೆ ಕಾರಿನಲ್ಲಿ ಹೊರಟಿದ್ದೆವು. ನಾನು, ನನ್ನ ಮಗಳು ಸುಮಾ, ಅಂದರೆ ಅನನ್ಯಳ ತಾಯಿ, ಅಳಿಯ. ಕ್ಯಾಲಮಜೂ ದಾಟಿದ ಮೇಲೆ ಒಂದು ಎಕ್ಸಿಟ್‌ನಲ್ಲಿ ಇಳಿದು, ಅಳಿಯ ಕಾಫಿಯ ಜೊತೆ ನನಗೊಂದು ಬೇಗಲ್, ಕೋಡುಬಳೆಯಂಥ ದಪ್ಪ ಬ್ರೆಡ್ಡು, ತಂದುಕೊಟ್ಟ. ಮೇಲೆಲ್ಲ ಎಳ್ಳು. ಕಾಗದ ಬಿಚ್ಚಿದ ಕೂಡಲೇ ಬಿಸಿ ಎಳ್ಳಿನ ವಾಸನೆ ಕಾರು ತುಂಬಿತು, ಮತ್ತೆ ನಾನು ಬೆಂಗಳೂರಿನ ಯಶವಂತಪುರದಲ್ಲಿ ನಮ್ಮ ತೌರುಮನೆಯ ಹಜಾರದಲ್ಲಿದ್ದೆ. ರೈಲು ಗೇಟಿನ ಹಿಂದಿನ ಬೀದಿ, ಕಲ್ಲು ಕಂಬದ ಜಗಲಿ, ಒಳಗೆ ಕಾಲಿಟ್ಟರೆ ಅಂಗಾಲಿಗೆ ತಣ್ಣಗೆ ಅಂಟುತ್ತಿದ್ದ ಕೆಂಪು ಗಾರೆಯ ನೆಲ. ಗೂಡ್ಸ್ ಗಾಡಿ ಹೋಗುವಾಗ ಅಡುಗೆಮನೆಯ ಗೂಡಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಅಮ್ಮ ಮಾತಾಡುತ್ತಿದ್ದರೆ ಅಷ್ಟು ಹೊತ್ತು ಬಾಯಿ ಮುಚ್ಚಿ, ಗಾಡಿ ಹೋದ ಮೇಲೆ ಬಿಟ್ಟ ಮಾತಿನಿಂದಲೇ ಮುಂದುವರಿಸುತ್ತಿದ್ದಳು. ಅಪ್ಪನಿಗೆ ರೈಲ್ವೆಯ ಗೋದಾಮಿನಲ್ಲಿ ಕೆಲಸ. ಅವನ ಅಂಗಿಯಲ್ಲಿ ಯಾವಾಗಲೂ ಗೋಣಿಯ ವಾಸನೆ. ಅಪ್ಪನ ತಾಯಿ ಪುಟ್ಟಜ್ಜಿ, ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ವಿಧವೆ, ಮನೆಯ ಯಜಮಾನಿ. ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚುವ ಹಕ್ಕು ಅವಳೊಬ್ಬಳದು. ಆ ಮನೆ ಈಗಿಲ್ಲ. ಕೆಡವಿ ಫ್ಲ್ಯಾಟು ಕಟ್ಟಿ, ಕೆಳಗೆ ಮೊಬೈಲ್ ಅಂಗಡಿ ಇಟ್ಟಿದ್ದಾರಂತೆ. ನಿಮ್ಮದೂ ಹೀಗೇ ಆಗಿರಬೇಕು, ಯಾರದು ಉಳಿದಿದೆ?

ಮಹಾಲಯ ಅಮಾವಾಸ್ಯೆ ಬಂತೆಂದರೆ ಬೆಳಿಗ್ಗೆಯೇ ಮಕ್ಕಳನ್ನೆಲ್ಲ ಹೊರಗೆ ತಳ್ಳುತ್ತಿದ್ದರು. ಅಡುಗೆ ಮಡಿಯಲ್ಲಿ ಆಗಬೇಕು. ವಡೆಯ ಎಣ್ಣೆ ಕಾಯುವುದು, ಹಾಗಲಕಾಯಿ ಹುರಿಯುವುದು, ಬೆಲ್ಲ ಕರಗುವುದು ಎಲ್ಲ ಮೂಗಿಗೆ ಬರುತ್ತಿತ್ತು, ಬಾಯಿಗೆ ಮಧ್ಯಾಹ್ನದವರೆಗೆ ಒಂದು ಹನಿ ನೀರೂ ಇಲ್ಲ. ಅಪ್ಪ ಹಜಾರದಲ್ಲಿ ದಕ್ಷಿಣಕ್ಕೆ ಮುಖ ಮಾಡಿ, ಜನಿವಾರ ಬಲಕ್ಕೆ ಹಾಕಿ ಕೂರುತ್ತಿದ್ದ. ಪುರೋಹಿತರು ಸಂಬಂಧ ಹೇಳುವರು, ಅಪ್ಪ ಆ ಸಂಬಂಧದವರ ಹೆಸರು ಹೇಳಿ, ಕರಿ ಎಳ್ಳಿನ ಜೊತೆ ನೀರನ್ನು ಹೆಬ್ಬೆರಳ ಸಂದಿಯಿಂದ ತಾಮ್ರದ ಹರಿವಾಣಕ್ಕೆ ಬಿಡುವನು. ಸತ್ತ ತಂದೆ, ತಾತ, ಮುತ್ತಾತ, ಸತ್ತ ಅಜ್ಜಿಯರು, ಸೋದರಮಾವ, ಕೊನೆಕೊನೆಗೆ ಸತ್ತ ತಂಗಿ. ಅವಳ ಹೆಸರು ನಾಗರತ್ನ. ವರ್ಷದಲ್ಲಿ ಅದೊಂದು ದಿನ ಬಿಟ್ಟರೆ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಮ್ಮೆ ಬೀದಿಯಲ್ಲಿ ಯಾರೋ ಮಗುವಿಗೆ ನಾಗರತ್ನ ಎಂದು ಹೆಸರಿಟ್ಟಾಗ, ಸತ್ತವರ ಹೆಸರು ಬದುಕಿದವರಿಗೆ ಯಾಕಿಡುತ್ತಾರೆ ಎಂದು ನಾನು ಕೇಳಿ ಅಮ್ಮನಿಂದ ತಲೆಗೆ ಮೊಟಕಿಸಿಕೊಂಡಿದ್ದೆ.

ಅತ್ತೆಯ ವಿಷಯ ಅಮ್ಮ ಹೇಳಿದ್ದು ನಾನು ಬಸುರಿಯಾಗಿ ತೌರಿಗೆ ಬಂದಾಗ. ನಾಗರತ್ನತ್ತೆ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡು ಮನೆಗೆ ವಾಪಸು ಬಂದಿದ್ದಳು. ಆಗ ಯುದ್ಧದ ಕಾಲ. ಅಕ್ಕಿ ಸಿಗುತ್ತಿರಲಿಲ್ಲ, ತಾತ ಹಾಸಿಗೆ ಹಿಡಿದಿದ್ದ. ಜಾಲಹಳ್ಳಿಯ ಕಡೆ ಇದ್ದ ಯುದ್ಧದ ಆಸ್ಪತ್ರೆಗೆ ಬಟ್ಟೆ ಹೊಲಿಯಲು ಹೆಂಗಸರು ಬೇಕಾಗಿದ್ದರು. ಮನೆಯವರೇ ಅವಳನ್ನು ಕಳಿಸಿದರು. ಇದನ್ನು ಮರೆಯಬಾರದು, ಅವಳಾಗಿ ಹೋಗಲಿಲ್ಲ, ಕಳಿಸಿದರು. ಅಲ್ಲಿ ಇಟಲಿಯ ಸೆರೆಯಾಳುಗಳಿದ್ದರು, ನಮ್ಮ ಸಿಪಾಯಿಗಳಿದ್ದರು, ಬಿಳಿ ಡಾಕ್ಟರುಗಳಿದ್ದರು. ಅವಳು ಬಸುರಾದಳು. ಯಾರು ಏನು ಎಂದು ಹೇಳಲಿಲ್ಲ, ಮನೆಯವರು ಕೇಳಿದ ರೀತಿಗೆ ಯಾರೂ ಹೇಳುತ್ತಲೂ ಇರಲಿಲ್ಲ. ಹೊಟ್ಟೆ ಕಾಣಿಸುವ ಮೊದಲು ತಾತ ಮಲಗಿದಲ್ಲಿಂದಲೇ ಅವಳನ್ನು ಹೊರಗೆ ಹಾಕಿಸಿದ. ಬೀದಿಗೆ ಹೇಳಿದ್ದು ಮಾತ್ರ ಬೇರೆ: ಆಸ್ಪತ್ರೆಯ ಜ್ವರ ತಗುಲಿತು, ಅಲ್ಲೇ ಹೋದಳು, ಹೆಣವನ್ನೂ ಕೊಡಲಿಲ್ಲ.

ಸತ್ತಳು ಎಂದು ಹೇಳಿದ ಮೇಲೆ ಸತ್ತವರಿಗೆ ಮಾಡುವುದನ್ನು ಮಾಡಬೇಕಲ್ಲ. ಪುರೋಹಿತರು ಕೇಳುತ್ತಾರೆ, ಪಂಕ್ತಿಗೆ ಬಂದವರು ಕೇಳಿಸಿಕೊಳ್ಳುತ್ತಾರೆ. ತಾತ ಹೋದ ಮೇಲೆ ತರ್ಪಣ ಅಪ್ಪನ ಪಾಲಿಗೆ ಬಂತು, ತಂಗಿಯ ಹೆಸರೂ ಬಂತು. ಎಲ್ಲೋ ಬದುಕಿದ್ದಾಳೆ ಎಂದು ನಂಬಿಕೊಂಡೇ ಅವನು ಅವಳಿಗೆ ಎಳ್ಳುನೀರು ಬಿಡುತ್ತಿದ್ದ. ಬಿಡುವಾಗ ಕೈ ನಡುಗುತ್ತಿತ್ತು ಎಂದು ಅಮ್ಮ ಹೇಳಿದಳು. ಬದುಕಿದವರಿಗೆ ಎಳ್ಳು ಬಿಟ್ಟರೆ ಆಯುಸ್ಸು ಕಡಿಮೆಯಾಗುತ್ತದೆಯೋ ಏನೋ ಎಂಬ ಭಯ. ಭಯ ಇತ್ತು, ಬಿಡುವುದೂ ನಿಲ್ಲಲಿಲ್ಲ. ನಮ್ಮ ಜನ ಹೀಗೆ.

ನಾನು ಒಂಬತ್ತರವಳಿದ್ದಾಗಿನ ಮಹಾಲಯದ ದಿನ ಸಿಸ್ಟರ್ ಬಂದಳು. ನಾಯಿ ಒಳಗೆ ಬರದಂತೆ ನೋಡಿಕೋ ಎಂದು ನನ್ನನ್ನು ಜಗಲಿಯಲ್ಲಿ ಕೂರಿಸಿದ್ದರು. ಬಿಳಿ ಸೀರೆ, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಕೊಡೆ. ಎಷ್ಟು ಚಿಕ್ಕವಳೆಂದರೆ, ನಮ್ಮ ಬೀದಿಯ ಹುಡುಗಿಯೇ ನಾಟಕಕ್ಕೆ ವೇಷ ಹಾಕಿದಂತಿದ್ದಳು. ಕಣ್ಣು ಜೇನಿನ ಬಣ್ಣ, ಮೂಗು ಮಾತ್ರ ಪುಟ್ಟಜ್ಜಿಯದೇ. ಅದೇ ಗಿಣಿ ಕೊಕ್ಕು, ಅದೇ ಎಡಕ್ಕೆ ಒಂದಿಷ್ಟು ವಾಲು. ನಾನು ಅಜ್ಜಿಯನ್ನು ಕೂಗಿದೆ. ಅಜ್ಜಿ ಮಡಿಯಲ್ಲಿದ್ದಳು, ಹೊಸ್ತಿಲ ಒಳಗೇ ನಿಂತಳು. ಆ ಮೂಗನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಹುಡುಗಿ ಕೈ ಮುಗಿದು ಹೇಳಿದಳು: "ಅಮ್ಮಾ, ನನ್ನ ಹೆಸರು ಲೂಸಿ. ಅದು ಕಾನ್ವೆಂಟಿನವರು ಇಟ್ಟಿದ್ದು. ನನ್ನ ತಾಯಿ ನನ್ನನ್ನು ಹೆತ್ತು ಅಲ್ಲೇ ತೀರಿಕೊಂಡ್ರಂತೆ. ಹೆಸರು ಕೇಳಿದ್ರೆ ಬಾಯಿ ಬಿಡಲಿಲ್ವಂತೆ. ಜ್ವರದಲ್ಲಿ ರೈಲು ಗೇಟು, ಕಲ್ಲು ಕಂಬದ ಜಗಲಿ ಅಂತ ಬಡಬಡಿಸ್ತಿದ್ರು ಅಂತ ನಮ್ಮ ಹಳೇ ಸಿಸ್ಟರ್ ಸಾಯೋ ಮುಂಚೆ ಹೇಳಿದ್ರು."

ಅಜ್ಜಿ ಸೆರಗನ್ನು ಬೋಳು ತಲೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

"ನಂಗೆ ಬೇರೇನೂ ಬೇಡಮ್ಮ. ಮತ್ತೆ ಬರೋದೂ ಇಲ್ಲ. ಸತ್ತವರಿಗೆ ಅಂತ ನಾವು ಪ್ರಾರ್ಥನೆ ಮಾಡ್ತೀವಿ, ಎಲ್ಲರೂ ಹೆಸರು ಹೇಳ್ತಾರೆ. ನನ್ನ ಸರದಿ ಬಂದಾಗ ಹೇಳೋಕೆ ಹೆಸರಿಲ್ಲ. ಹೆಸರೊಂದು ಹೇಳಿಬಿಡಿ."

ಸರಿಯಾಗಿ ಆಗ ಒಳಗಿನಿಂದ ಅಪ್ಪನ ಸ್ವರ ಬಂತು. ಅಪ್ಪನದು ಗೋದಾಮಿನಲ್ಲಿ ಕೂಗಿ ಕೂಗಿ ಬಲಿತ ಗಂಟಲು. ಗೋತ್ರ ಹೇಳಿ, ನಾಗರತ್ನಾ ಎಂದು ಹೇಳಿ, ಸ್ವಧಾ ನಮಸ್ತರ್ಪಯಾಮಿ ಎಂದ. ಒಂದು ಸಲವಲ್ಲ, ಕ್ರಮದಂತೆ ಮತ್ತೆ ಮತ್ತೆ ಹೇಳಿದ. ಬೀದಿಗೇ ಕೇಳುವಂತಿತ್ತು. ಹುಡುಗಿ ತಲೆ ಓರೆ ಮಾಡಿ ಕೇಳಿದಳು. "ಒಳಗೆ ಪೂಜೆ ನಡೀತಿದ್ಯಾ?"

"ಹೂಂ, ಪೂಜೆ," ಎಂದಳು ಅಜ್ಜಿ. "ನೀನು ಹೇಳೋ ಅಂಥೋರು ಈ ಮನೇಲಿ ಯಾರೂ ಇರ್ಲಿಲ್ಲ. ಬೇರೆ ಮನೆ ನೋಡು."

"ಪೂಜೆ ಹೊತ್ತಲ್ಲಿ ತೊಂದರೆ ಕೊಟ್ಟೆ, ತಪ್ಪಾಯ್ತು," ಎಂದು ಅವಳು ಕೊಡೆ ಬಿಚ್ಚಿಕೊಂಡು ಹೋದಳು. ನನ್ನ ಒಂದು ಕಿವಿಗೆ ಪ್ರಶ್ನೆ ಬಿದ್ದಿತ್ತು, ಇನ್ನೊಂದಕ್ಕೆ ಉತ್ತರ ಬಿದ್ದಿತ್ತು. ಒಂಬತ್ತರ ಹುಡುಗಿ, ಎರಡನ್ನೂ ಜೋಡಿಸುವ ಬುದ್ಧಿ ಇರಲಿಲ್ಲ, ವಡೆ ಯಾವಾಗ ಕೊಡುತ್ತಾರೆ ಎಂಬುದೇ ತಲೆಯಲ್ಲಿತ್ತು.

ಒಳಗೆ ಬಂದ ಅಜ್ಜಿ ಅಪ್ಪನಿಗೆ ಏನೂ ಹೇಳಲಿಲ್ಲ. ಮಗಳು ನಿಜವಾಗಿಯೂ ಸತ್ತಿದ್ದಾಳೆ ಎಂಬುದು ಅವಳಿಗೆ ಗೊತ್ತಾದದ್ದು ಆ ಬಾಗಿಲಲ್ಲಿ. ಸುಳ್ಳಿಗೆಂದು ಬಿಟ್ಟ ಎಳ್ಳುನೀರು ಅಷ್ಟೂ ವರ್ಷ ಸರಿಯಾದ ವಿಳಾಸಕ್ಕೇ ಹೋಗಿತ್ತು. ಅಪ್ಪನ ಕೈ ನಡುಗುವ ಅಗತ್ಯವೇ ಇರಲಿಲ್ಲ. ಊಟಕ್ಕೆ ಕೂತಾಗ ಅಜ್ಜಿ, ವಡೆಗೆ ಉಪ್ಪು ಹೆಚ್ಚು ಹಾಕಿದ್ದೀಯ ಎಂದು ಅಮ್ಮನನ್ನು ಎಲ್ಲರೆದುರು ಬೈದಳು. ಉಪ್ಪು ಸರಿಯಾಗಿಯೇ ಇತ್ತು. ನಾನು ಅವತ್ತು ಬಹಳ ವಡೆ ತಿಂದೆ, ನನಗೆ ಗೊತ್ತು. ಎಷ್ಟೋ ವರ್ಷದ ಮೇಲೆ, ಸಾಯುವ ಮೊದಲು, ಅಜ್ಜಿ ಇದನ್ನು ಅಮ್ಮನಿಗೆ ಹೇಳಿದಳಂತೆ. ಅಪ್ಪನಿಗೆ ಹೇಳಬೇಡ ಎಂದೂ ಹೇಳಿದಳಂತೆ. ಅಮ್ಮ ಹೇಳಲಿಲ್ಲ. ಅವನು ನಡುಗುತ್ತಲೇ ತರ್ಪಣ ಬಿಟ್ಟು ನಡುಗುತ್ತಲೇ ಹೋದ.

ಇದಿಷ್ಟನ್ನೂ ನಾನು ಫೋನಿನಲ್ಲಿ ಅನನ್ಯಳಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಅವಳು ನೇಪರ್‌ವಿಲ್‌ನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತ ವಾರದ ಕೊನೆಗೆ ಶಿಕಾಗೋದಲ್ಲಿ ಸಿನಿಮಾ ಕಲಿಯುತ್ತಾಳೆ. ಅಲ್ಲಿಯ ಕನ್ನಡದವರೆಲ್ಲ ಸೇರಿದ ಹಾಲ್‌ನಲ್ಲಿ ಸಿನಿಮಾ ಹಾಕಿದರು. ಹಳೆಯ ಕಾಲ ಎಂದರೆ ಬಣ್ಣವೇ ಇರಲಿಲ್ಲ ಎಂದುಕೊಂಡಿವೆ ಈ ಮಕ್ಕಳು. ಅವತ್ತು ಅಜ್ಜಿಯ ಸೀರೆ ಕೆಂಪಾಗಿತ್ತು, ಬಿಸಿಲು ಅರಿಶಿನದಂತಿತ್ತು. ಪರದೆಯ ಮೇಲೆ ಕರಿ ಉಡುಪಿನ ಸಿಸ್ಟರ್ ಹಿಮದಲ್ಲಿ ನಡೆದು ಬರುತ್ತಾಳೆ. ಹಿಂದೆ ಪಿಟೀಲು ಗೋಳಾಡುತ್ತದೆ. ಟ್ರಂಕಿನಲ್ಲಿ ಫೋಟೋ ಸಿಗುತ್ತದೆ, ಅಜ್ಜಿಯಾದವಳು ಅವಳನ್ನು ತಬ್ಬಿಕೊಂಡು "ನಿನ್ನ ತಾಯಿ ಹೆಸರು ಮೀರಾ" ಎನ್ನುತ್ತಾಳೆ. ಮೀರಾ ಅಂತೆ! ತರ್ಪಣವಿಲ್ಲ, ಎಳ್ಳಿಲ್ಲ, ಅಪ್ಪನಂತೂ ಇಲ್ಲವೇ ಇಲ್ಲ. ಪಕ್ಕದಲ್ಲಿದ್ದ ಹೆಂಗಸು ಮೂಗೊರೆಸಿಕೊಳ್ಳುತ್ತ, "ಆಂಟಿ, ನಿಮ್ಮನೇದೇ ಸ್ಟೋರಿ ಅಂತೆ, ಯೂ ಆರ್ ಸೋ ಲಕ್ಕಿ" ಎಂದಳು. ಲೈಟು ಹಾಕಿದ ಮೇಲೆ ಅನನ್ಯ ವೇದಿಕೆಯಿಂದ ಇಳಿದು ಬಂದು ಮೈಕು ನನ್ನ ಬಾಯಿಗೆ ಹಿಡಿದಳು. "ಅಜ್ಜಿ, ಹೇಗಿತ್ತು ಹೇಳಿ."

"ಸುಳ್ಳು," ಎಂದೆ. ಹಾಲ್ ಪೂರ್ತಿ ಕೇಳಿಸಿತು. ಜನ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಅವಳ ಮನೆಗೆ ಹೋಗುವಾಗ ಕಾರಿನಲ್ಲಿ ಜಗಳ. "ಅಜ್ಜಿ, ಇಟ್ಸ್ ಫಿಕ್ಷನ್. ಇನ್‌ಸ್ಪೈರ್ಡ್ ಬೈ ಅಂತ ಹಾಕಿದೀನಲ್ಲ."

"ಇನ್‌ಸ್ಪೈರ್ಡ್ ಅಂದ್ರೆ ಹೆಸರು ಬದಲಾಯ್ಸೋದಾ? ಆ ಹುಡುಗಿ ಕೇಳಿದ್ದೇ ಹೆಸರು. ಅದನ್ನೇ ತಪ್ಪು ಹೇಳಿದೀಯ."

"ತರ್ಪಣ ಹಾಕಿದ್ರೆ ಇಲ್ಲಿ ಯಾರಿಗೆ ಅರ್ಥ ಆಗುತ್ತೆ? ನಮ್ಮ ಪ್ರೊಫೆಸರ್ ಎಂಡಿಂಗ್‌ನಲ್ಲಿ ಕ್ಲೋಷರ್ ಬೇಕು, ನೋಡಿದವರಿಗೆ ಸಮಾಧಾನ ಆಗ್ಬೇಕು ಅಂದ್ರು."

"ನಮ್ಮಜ್ಜಿಗೆ ಸಿಗದೇ ಇರೋದು ನಿಮ್ಮ ಪ್ರೊಫೆಸರಿಗೆ ಯಾಕೆ ಬೇಕಂತೆ?"

"ಅಮ್ಮಾ, ಸಾಕು ಬಿಡು, ಪಾಪ ಅವ್ಳು ಎಷ್ಟು ಕಷ್ಟಪಟ್ಟಿದಾಳೆ," ಎಂದು ಸುಮಾ ನಡುವೆ ಬಂದಳು. ಅಳಿಯ ಬುದ್ಧಿವಂತ, ಜಿಪಿಎಸ್ ಹೆಂಗಸಿನ ಮಾತು ಮಾತ್ರ ಕೇಳುತ್ತಿದ್ದ. ಸಿನಿಮಾ ಆಗಲೇ ಸ್ಪರ್ಧೆಗೆ ಹೋಗಿದೆಯಂತೆ, ಇನ್ನು ಒಂದು ಮಾತೂ ಬದಲಾಯಿಸಲು ಬರುವುದಿಲ್ಲವಂತೆ. ನಾನು ಕಿಟಕಿಯ ಕಡೆ ತಿರುಗಿದೆ. ಆಗ ಅನನ್ಯ, ಸಿಟ್ಟಿಗೋ ಅಳುವಿಗೋ, ಒಡೆದ ಸ್ವರದಲ್ಲಿ ಕೇಳಿದಳು. "ಓಕೆ, ನಾನು ರಾಂಗ್ ನೇಮ್ ಹೇಳ್ದೆ. ಬಟ್ ರೈಟ್ ನೇಮ್ ಆ ಸಿಸ್ಟರ್‌ಗೆ ಇಲ್ಲೀವರೆಗೂ ಯಾರಾದ್ರೂ ಹೇಳಿದಾರಾ? ಡಿಡ್ ಎನಿವನ್?"

ಅವಳು ಕೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಆ ಮನೆಯಲ್ಲಿ ಹೆಸರು ಬಲ್ಲವರೆಲ್ಲ ಹೋಗಿಬಿಟ್ಟಿದ್ದಾರೆ, ಲೋಟ ಕಿಣಿಗುಟ್ಟಿಸುತ್ತಿದ್ದ ಆ ಗೂಡೂ ಇಲ್ಲ. ಬಾಗಿಲಲ್ಲಿ ಹೆಸರು ಕೇಳಿದವಳನ್ನೂ ಒಳಗೆ ಹೇಳಿದವನನ್ನೂ ಅವತ್ತು ಒಟ್ಟಿಗೆ ಕೇಳಿಸಿಕೊಂಡ ಕಿವಿ ಉಳಿದಿದ್ದರೆ ನನ್ನದೊಂದೇ, ಅದಕ್ಕೂ ಈಗ ಮಷೀನು ಹಾಕಿದ್ದಾರೆ.

ಮಾರನೆಯ ಬೆಳಿಗ್ಗೆ ಸ್ನಾನ ಮಾಡಿ, ಕಾಫಿ ಕುಡಿದು, ಅನನ್ಯಳನ್ನು ಎಬ್ಬಿಸಿದೆ. ಬೆಂಗಳೂರಿನ ಕಾನ್ವೆಂಟುಗಳ ನಂಬರು ತೆಗಿ ಎಂದೆ. ಅಲ್ಲಿ ಆಗ ರಾತ್ರಿ ಊಟದ ಹೊತ್ತು. ಕಣ್ಣುಜ್ಜಿಕೊಂಡು ಮೊದಲನೆಯದಕ್ಕೆ ಫೋನ್ ಹಚ್ಚಿಕೊಟ್ಟಳು. ಎತ್ತಿದ್ದು ಯಾವುದೋ ಚಿಕ್ಕ ಹುಡುಗಿ. ಸಿಸ್ಟರ್ ಲೂಸಿ ಎಂದು ಯಾರಾದರೂ ಇದ್ದಾರಾ, ಜೇನಿನ ಬಣ್ಣದ ಕಣ್ಣು, ಗಿಣಿ ಮೂಗು, ಬದುಕಿದ್ದರೆ ಎಂಬತ್ತು ದಾಟಿರಬೇಕು ಎಂದೆ.

"ಯಾವ ಲೂಸಿ ಅಜ್ಜಿ? ನಮ್ಮಲ್ಲಿ ಮೂವರು ಸಿಸ್ಟರ್ ಲೂಸಿ ಇದ್ರು. ಈಗ ಯಾರೂ ಇಲ್ಲ, ಮೂವರೂ ಹಿಂದಿನ ತೋಟದಲ್ಲೇ ಇದಾರೆ, ಸಮಾಧಿ."

"ಹಾಗಾದ್ರೆ ಮೂರು ಸಮಾಧಿ ಹತ್ರಾನೂ ಹೋಗಿ ಹೇಳಮ್ಮ. ನಿಮ್ಮ ತಾಯಿ ಹೆಸರು ನಾಗರತ್ನ ಅಂತ."

"ಮೂವರಿಗೂನಾ?"

"ಮೂವರಿಗೂ ಹೇಳು. ತನ್ನದಲ್ಲ ಅಂತ ಇಬ್ಬರಿಗೆ ಗೊತ್ತಾಗುತ್ತೆ."

ಆ ಹುಡುಗಿ ಹೆಸರನ್ನು ಒಂದು ಸಲ ಹೇಳಿ ನೋಡಿದಳು. ಸರಿಯಾಗಿ ಹೇಳಿದಳು. ಫೋನ್ ಇಟ್ಟ ಮೇಲೆ ಅನನ್ಯ ನನ್ನ ಮುಖವನ್ನೇ ನೋಡುತ್ತಿದ್ದಳು, ಅಳುತ್ತೇನೇನೋ ಎಂದು.

"ಏನು ನೋಡ್ತೀಯ?" ಎಂದೆ. "ಬೆಂಗಳೂರಲ್ಲಿ ಇದೊಂದೇ ಕಾನ್ವೆಂಟಾ ಇರೋದು? ಮುಂದಿನದಕ್ಕೆ ಹಚ್ಚು."