ಟವೆಲ್ ಹಾಕಿದ ಸೀಟು

‘ಏಳ್ರೀ, ಟವೆಲ್ ಹಾಕೀನಿ, ಕಾಣಂಗಿಲ್ಲೇನು?’ ಸಿಂಧನೂರಿನಲ್ಲಿ ಲಿಂಗಸುಗೂರು ಬಸ್ಸಿನ ಹೊರಗೆ ನಿಂತು ಕಿಟಕಿಯಿಂದಲೇ ಒದರಿದೆ. ತಂಗಿಗೆಂದು ಹಿಡಿದ ಸೀಟಿನಲ್ಲಿ ಕುಳಿತಿದ್ದ ಮಾಸ್ಕಿನ ಮನುಷ್ಯ, ‘ತಪ್ಪಾತ್ರಿ ಅಣ್ಣಾ’ ಎಂದು ಎದ್ದ. ಆಗಷ್ಟೇ ಹತ್ತಿದ ತಂಗಿ, ನನ್ನ ಒದರಾಟ ಕೇಳದೆ, ಅವನು ಎದ್ದದ್ದನ್ನಷ್ಟೇ ಕಂಡು ಆರಾಮಾಗಿ ಕುಳಿತಳು. ಹಿಂದೆಯೇ ನಾನೂ ಹತ್ತಿದೆ. ಅವನು ಪಕ್ಕದಲ್ಲೇ ನಿಂತು ಬಂದು ಮಸ್ಕಿಯಲ್ಲಿ ಇಳಿದ. ಮಾಸ್ಕ್ ತೆಗೆದದ್ದೇ ತಡ, ಜನ ಮುತ್ತಿದರು. ತಂಗಿ ಊಟ ಬಿಟ್ಟು ಟಿ.ವಿ.ಯಲ್ಲಿ ನೋಡುವ ಹಾಸ್ಯನಟ!

‘ಅಯ್ಯ ಶಿವನ! ಇಂಥವರನ್ನ ಎಬ್ಬಿಸಿದಾವ ಯಾರು, ಅಣ್ಣಾ?’ ಎಂದಳು, ಅಳುಮುಖ ಮಾಡಿ.

‘ಆ ಕಂಡಕ್ಟರ್ ನೋಡವ್ವಾ’ ಎಂದುಬಿಟ್ಟೆ.

ಅಂದಿನಿಂದ ತಂಗಿ ಆ ಕಂಡಕ್ಟರನ್ನು ಕಂಡರೆ ಕೆಂಡ ಕಾರುತ್ತಾಳೆ. ಮೊನ್ನೆ ಅವನು, ‘ನಿಮ್ಮ ತಂಗಿಗೆ ನಾ ಏನ್ ಮಾಡೀನ್ರಿ?’ ಎಂದು ನನ್ನನ್ನೇ ಕೇಳಿದ. ನಾಲ್ಕನೇ ಕ್ಲಾಸಷ್ಟೇ ಓದಿದವನು ನಾನು, ಬರೆದು ರೂಢಿಯಿಲ್ಲ. ಆದರೂ ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಇಲ್ಲಿ ಬರೆದಿದ್ದೇನೆ. ತಂಗಿ ದಿನಾ ಈ ಪತ್ರಿಕೆ ಓದುತ್ತಾಳೆ.