ಮಾತು ವಾಪಸ್ ತೆಗೆಸಿದ ಅಜ್ಜಿ

ಮೊಣಕಾಲಿನಿಂದ ಪಾದದವರೆಗೆ ಅಜ್ಜಿಯ ಕಾಲುಗಳು ಎಣ್ಣೆ ಕುಡಿದ ಹಳೆಯ ಮಣೆಯಂತೆ ಮಿನುಗುತ್ತಿದ್ದವು. ಬೆಂಗಳೂರಿನಂಚಿನ ವರ್ತೂರಿನ ಎಷ್ಟೋ ಕೂಸುಗಳನ್ನು ಆ ಕಾಲುಗಳ ಮೇಲೆ ಮಲಗಿಸಿ ನೀರು ಹಾಕಿದವರು. ಊರ ಹೊಲಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಂಡು ಮೇಲೆ ನಮ್ಮಂಥವರ ಮನೆಗಳಿಗೆ ಬರುತ್ತಿದ್ದರು. "ಕಣ್ ಬಿಟ್ರೆ ಒಟ್ಟೆ ತೊಳಸ್ತದೆ" ಎನ್ನುವರು.

ನಾನು ದಾವಣಗೆರೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾಗಿ, ಸೊಸೆಯ ಬಾಣಂತನಕ್ಕೆಂದು ಇಲ್ಲಿ ಮಗನ ಮನೆಗೆ ಬಂದವಳು. ಮೊಮ್ಮಗಳ ಸ್ನಾನಕ್ಕೂ ವೇಳಾಪಟ್ಟಿ ಬರೆದು ಬಚ್ಚಲ ಬಾಗಿಲಿಗೆ ಅಂಟಿಸಿದ್ದೆ: ಎಂಟಕ್ಕೆ ಮೈಗೆ ಎಣ್ಣೆ, ಎಂಟೂವರೆಗೆ ನೀರು. ಅಜ್ಜಿ ಅದನ್ನು ನೋಡಿ, "ಟೀಚರಮ್ಮ, ಮಗೀಗೆ ಓದಕ್ ಬತ್ತದಾ?" ಎಂದು ನಕ್ಕಿದ್ದರು.

ಮೊಮ್ಮಗಳ ನೆತ್ತಿಯ ಹಿಂದೆ, ಎಂಟಾಣೆಯಗಲದಷ್ಟು ಜಾಗದಲ್ಲಿ, ಹುಟ್ಟುವಾಗಲೇ ಚರ್ಮವಿರಲಿಲ್ಲ. ತೆಳು ಪೊರೆಯ ಕೆಳಗೆ ಕೆಂಪು ಕಾಣುತ್ತಿತ್ತು. ಕೆಲವು ಮಕ್ಕಳು ಹೀಗೆ ಹುಟ್ಟುತ್ತವೆ, ಅಂಚಿನಿಂದ ತಾನೇ ಮುಚ್ಚಿಕೊಳ್ಳುತ್ತದೆ, ಅಲ್ಲಿ ಕೂದಲು ಬರಲಿಕ್ಕಿಲ್ಲ ಅಷ್ಟೆ, ವಾಸಿಯಾಗುವವರೆಗೆ ತಲೆಗೆ ಎಣ್ಣೆ, ನೀರು ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ವಿಜ್ಞಾನ ಕಲಿಸಿದವಳು. ಆದರೂ ಸೊಸೆಗೆ ಅಂದುಬಿಟ್ಟೆ: "ಗ್ರಹಣದ ದಿನ ಆಫೀಸಿಗೆ ಹೋಗಬ್ಯಾಡ ಅಂದ್ರ ಕೇಳಿದ್ಯಾ?" ಅಂದಿನಿಂದ ಅವಳು ಹಾಲು ಕುಡಿಸಿ ಕೂಸನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಅದರ ತಲೆ ಮುಟ್ಟುತ್ತಿರಲಿಲ್ಲ.

ಅಜ್ಜಿ ಮೂರು ದಿನ ಇದನ್ನು ನೋಡಿದರು. ನಾಲ್ಕನೆಯ ದಿನ ಸೀರೆ ಸರಿಸಿ, ಕಾಲು ಚಾಚಿ ಬಚ್ಚಲಲ್ಲಿ ಕೂತರು. ಕೂಸನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

"ಆಯಮ್ಮ ಯಾಕೆ ಮಗೀನ ತಲೆ ಮುಟ್ಟಲ್ಲ?"

ನಾನು ಆಡಿದ್ದನ್ನು ಮುಚ್ಚಿಡದೆ ಹೇಳಿದೆ.

"ಅವತ್ತು ನಮ್ಮೂರ್ನಾಗೂ ಗ್ರಹಣ ಇಡ್ದಿತ್ತು. ಐದ್ ಜನ ಬಸ್ರೀರಿದ್ರು. ಐದೂ ಮಕ್ಳಿಗೂ ನಾನೇ ನೀರಾಕಿದ್ದು, ಎಲ್ಲೈತೆ ಗಾಯ? ಇಂಥ ಮಗು ನನ್ ಕಾಲ್ ಮ್ಯಾಗೆ ಇದು ಮೂರನೇದು. ಮೊದಲ್ನೇದು ಈಗ ಬಸ್ ಕಂಡಕ್ಟ್ರು, ಎಲ್ಡು ಮಕ್ಳ ತಾಯಿ. ಆಡಿದ್ ಮಾತು ವಾಪಸ್ ತಗೊಳಿ ಟೀಚರಮ್ಮ. ಆಮ್ಯಾಕೆ ನೀರು."

"ಎಂಟೂವರೆ ಆಯ್ತು ಅಜ್ಜಿ."

"ಆಗ್ಲಿ ಬುಡಿ. ನಾನೇನು ಗಂಟೆ ಒಡೀಬೇಕಾ?"

ಒಂಬತ್ತಾಯಿತು. ಬಕೆಟ್ಟಿನ ನೀರು ಆರಿತು. ಮೂವತ್ತು ವರ್ಷ ಮಕ್ಕಳಿಂದ ತಪ್ಪು ಒಪ್ಪಿಸಿದವಳಿಗೆ ಸೊಸೆಯ ಕೋಣೆಯವರೆಗೆ ಹತ್ತು ಹೆಜ್ಜೆ ಇಡುವುದು ಕಷ್ಟವಾಯಿತು.

"ನಾ ಅಂದದ್ದು ತಪ್ಪಾತವ್ವ. ನಿನ್ನಿಂದ ಏನೂ ಆಗಿಲ್ಲ," ಎಂದೆ.

ಅವಳು ಬಹಳ ಹೊತ್ತು ಅತ್ತಳು. "ನಾನೇ ಏನೋ ಮಾಡ್ಬಿಟ್ಟೆ ಅಂತ ಕೈಯೇ ಹೋಗ್ತಿರ್ಲಿಲ್ಲ ಅತ್ತೆ," ಎಂದಳು. ಆಮೇಲೆ ಎದ್ದು ಬಂದು ಅಜ್ಜಿಯ ಪಕ್ಕ ಕೂತಳು. ಅಜ್ಜಿ ಹೊಸ ನೀರು ತರಿಸಿಕೊಂಡು, ಅವಳ ಅಂಗೈಯನ್ನು ಕೂಸಿನ ತಲೆಯ ಕೆಳಗೆ ಇಟ್ಟರು.

"ಇಂಗೆ ಇಡ್ಕೊ, ಗಾಯಕ್ಕೆ ತಾಕ್ದಂಗೆ. ಮೈಗೆ ನಾನಾಕ್ತೀನಿ."

ಅಜ್ಜಿ ತೀರಿಕೊಂಡು ವರ್ಷವಾಯಿತು. ನನಗೆ ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಹಾಕಲು ಇಂದಿಗೂ ಬರುವುದಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೈಮೇಲೆ ಕಲೆಯೋ ಗಾಯವೋ ಇರುವ ಮಗು ಹುಟ್ಟಿತೆಂದು ಕೇಳಿದರೆ ಅದೇ ದಿನ ಆ ಮನೆಗೆ ಹೋಗುತ್ತೇನೆ. ತೊಟ್ಟಿಲ ಬಳಿಗಲ್ಲ, ಮೊದಲು ಬಾಣಂತಿಯ ಅತ್ತೆಯ ಬಳಿಗೆ.